ಪರದೇಶದಲ್ಲಿ ತಾಯ್ನಾಡಿನ ದೂರದರ್ಶನ: ಪುಲಿಗೆರೆಯ ಸೀಮೆಯಿಂದ ಒಂದು ವಿಮರ್ಶೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳಲ್ಲಿಯೂ ಇವುಗಳ ಸುತ್ತಣ ಹಳ್ಳಿಗಳಲ್ಲಿಯೂ ಮನೆಯ ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವುದು ಈಗ ಬೆರಗಿನ ಸಂಗತಿಯಾಗಿ ಉಳಿದಿಲ್ಲ. ಹೀಗೆ ಹೋದವರು ತಮ್ಮ ಬಿಡುವಿನ ಹೊತ್ತಿನಲ್ಲಿ ಅಂತರ್ಜಾಲದ ಮೂಲಕ ತಾಯ್ನಾಡಿನ ದೂರದರ್ಶನವನ್ನು ನೋಡುತ್ತಾರೆಂಬುದೂ ಎಲ್ಲರೂ ಬಲ್ಲ ಮಾತೇ. ಈ ನೋಟವನ್ನು ಕುರಿತು ನಮ್ಮ ಕಾಲೇಜುಗಳ ಅಧ್ಯಾಪಕ ವರ್ಗದಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯಗಳು ಎರಡು. ವಿಜ್ಞಾನವು ಸಪ್ತಸಮುದ್ರಗಳ ಅಂತರವನ್ನು ಅಳಿಸಿತಲ್ಲಾ ಎಂದು ಹಿಗ್ಗುವುದು ಒಂದು; ಧಾರಾವಾಹಿಗಳು ಕೀಳು ಅಭಿರುಚಿಯವು, ಅವುಗಳ ಮಾತೇಕೆ ಎಂದು ಮೂಗು ಮುರಿಯುವುದು ಇನ್ನೊಂದು. ಇವೆರಡೂ ಮುಖ್ಯ ಪ್ರಶ್ನೆಯನ್ನು ಮುಟ್ಟುವುದಿಲ್ಲವೆಂದು ನಮಗೆ ತೋರುತ್ತದೆ. ಪರದೇಶದಲ್ಲಿ ಕುಳಿತವನಿಗೆ ಆ ಪರದೆಯ ಮೇಲೆ ಮೂಡುವ ತಾಯ್ನಾಡು ಯಾವುದು? ಅಲ್ಲಿ ಆಡುವ ಮಾತು ಯಾರ ಮಾತು? ಆ ಮಾತು ಅವನ ಮನೆಯ ಮಾತಿಗೆ ಏನು ಮಾಡುತ್ತದೆ? ಇತಿಹಾಸದ ವಿದ್ಯಾರ್ಥಿಗಳಾದ ನಾವು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ಕಾರಣವಿದೆ. ನಾಡು ಎಂಬುದು ಕಣ್ಣೆದುರಿಗೆ ಇಲ್ಲದಿರುವಾಗ ಅದನ್ನು ಮಾತಿನಿಂದ, ಹಾಡಿನಿಂದ, ಅಚ್ಚಿನಿಂದ ಕಟ್ಟಿಕೊಳ್ಳುವ ಕೆಲಸ ಈ ಸೀಮೆಗೆ ಹೊಸದಲ್ಲ.

1948ಕ್ಕಿಂತ ಮುಂಚಿನ ಭೂಪಟವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರವು ಮಿರಜದ ಪಟವರ್ಧನರ ಸಂಸ್ಥಾನದ ಭಾಗ. ಶಿರಹಟ್ಟಿಯು ಸಾಂಗಲಿಯ ಪಟವರ್ಧನರದು. ಒಂದು ದಿನದ ಚಕ್ಕಡಿಯ ಪ್ರಯಾಣದಲ್ಲಿ ಮೂರು ಸರಕಾರಗಳ ಎಲ್ಲೆ ದಾಟಬೇಕಾಗುತ್ತಿತ್ತು. ಅಂದಿನ ಕನ್ನಡಿಗನು ತನ್ನ ಊರಿನಲ್ಲಿಯೇ ಇದ್ದು ತಾಯ್ನಾಡಿನ ಹೊರಗಿದ್ದನೆಂದರೆ ಅತಿಶಯೋಕ್ತಿಯಾಗಲಾರದು. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂದಾಗ ಅದು ಇಂಥವನ ಕೈಗೆ ಒಂದು ನಾಡಿನ ಚಿತ್ರವನ್ನು ಕೊಟ್ಟಿತು. ಗದುಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತವು 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತು. 1956ರ ನವೆಂಬರ 1ರಂದು ಭೂಪಟದಲ್ಲಿ ಒಂದಾದ ನಾಡು ಅದಕ್ಕಿಂತ ಬಹಳ ಮೊದಲೇ ಓದುಗನ, ಕೇಳುಗನ ಮನಸ್ಸಿನಲ್ಲಿ ಒಂದಾಗಿತ್ತು. ಆದ್ದರಿಂದ ಅಮೆರಿಕದಲ್ಲಿಯೋ ದುಬಾಯಿಯಲ್ಲಿಯೋ ಕುಳಿತು ಪರದೆಯ ಮೇಲೆ ಊರನ್ನು ಕಾಣುವವನನ್ನು ನಾವು ವಿಚಿತ್ರ ಪ್ರಾಣಿಯಂತೆ ನೋಡಬೇಕಾದುದಿಲ್ಲ. ಅವನು ಆಲೂರರ ಓದುಗನ ವಂಶದವನೇ. ಭೇದವಿರುವುದು ಚಿತ್ರವನ್ನು ಬರೆಯುವವರಲ್ಲಿ.

ಯಂತ್ರದ ದನಿಯೂ ಇಲ್ಲಿಯವರಿಗೆ ಅಪರಿಚಿತವಲ್ಲ. ಗದುಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಮಖಾನರ ಧ್ವನಿಮುದ್ರಿಕೆಯನ್ನು ಕೇಳಿ, ಗುರುವನ್ನು ಅರಸುತ್ತ 1933ರಲ್ಲಿ ಮನೆ ಬಿಟ್ಟ ಕಥೆ ಪ್ರಸಿದ್ಧವಾದುದು. ಅಂದು ಯಂತ್ರವು ದೂರದ ದನಿಯನ್ನು ತಂದು ಹುಡುಗನನ್ನು ಊರಿನಿಂದ ಎಬ್ಬಿಸಿತು. ಇಂದು ಊರು ಬಿಟ್ಟವನಿಗೆ ಊರಿನ ದನಿಯನ್ನು ಮುಟ್ಟಿಸುವ ಕೆಲಸವನ್ನು ಯಂತ್ರವು ವಹಿಸಿಕೊಂಡಿದೆ. ಆ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡುತ್ತಿದೆಯೇ ಎಂಬುದೇ ವಿಚಾರಣೀಯ.

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರವು ನಮ್ಮ ಸೀಮೆಗೆ ದೊರೆತ ಮೊದಲ ಪ್ರಸಾರ ಸಂಸ್ಥೆ. ಅದರ ಮಹತ್ತ್ವವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ. ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದ, ಎನ್ಕೆ ಕುಲಕರ್ಣಿಯವರಂತಹ ಲೇಖಕರು ದುಡಿದ ಆ ಕೇಂದ್ರದಲ್ಲಿ ಧಾರವಾಡದ ಕಡೆಯ ಆಡುಮಾತು ನಾಟಕದ ಭಾಷೆಯಾಗಿ, ಹರಟೆಯ ಭಾಷೆಯಾಗಿ, ಪ್ರೀತಿಯ ಮತ್ತು ಜಗಳದ ಭಾಷೆಯಾಗಿ ತಲೆಯೆತ್ತಿ ನಿಂತಿತು. ಮನೆಯಲ್ಲಿ ಆಡುವ ಮಾತನ್ನೇ ರೇಡಿಯೋ ಆಡುತ್ತದೆಂಬ ಅರಿವು ಕೇಳುಗನಿಗೆ ಕೊಟ್ಟ ಧೈರ್ಯ ಸಣ್ಣದಲ್ಲ. ದೂರದರ್ಶನದ ಇತಿಹಾಸ ಬೇರೆ ತೆರನಾದುದು. 1959ರಲ್ಲಿ ದಿಲ್ಲಿಯಲ್ಲಿ ಮೊದಲಾದ ಅದು 1975-76ರ ಉಪಗ್ರಹ ಪ್ರಯೋಗದ ಕಾಲಕ್ಕೆ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಮುಟ್ಟಿತು; ನಮ್ಮ ಜಿಲ್ಲೆ ಆ ಪ್ರಯೋಗದ ಹೊರಗೆ ಉಳಿಯಿತು. 1981ರ ನವೆಂಬರ 1ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಮುಂದೆ 1994ರಲ್ಲಿ ಉದಯ, 2000ದಲ್ಲಿ ಈಟೀವಿ, 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ ಹೀಗೆ ಖಾಸಗಿ ವಾಹಿನಿಗಳು ಬಂದವು. ಕನ್ನಡ ರೇಡಿಯೋವಿಗೆ ಹಲವು ಊರುಗಳಿದ್ದವು, ಅವುಗಳಲ್ಲಿ ಧಾರವಾಡವೂ ಒಂದು. ಕನ್ನಡ ಧಾರಾವಾಹಿಗೆ ಬೆಂಗಳೂರೊಂದೇ ಊರಾಯಿತು. ಮುಂದಿನ ವಿವೇಚನೆಗೆ ಈ ಒಂದು ಸಂಗತಿಯೇ ಬುನಾದಿ.

ಪರದೇಶಕ್ಕೆ ಈ ಸರಕು ತಲುಪಿದ ಬಗೆಯನ್ನು ಚುಟುಕಾಗಿ ಹೇಳಬಹುದು. ಮೊದಲು ಭಾರತೀಯ ಕಿರಾಣಿ ಅಂಗಡಿಗಳಲ್ಲಿ ದೊರೆಯುತ್ತಿದ್ದ ವಿಡಿಯೋ ಕ್ಯಾಸೆಟ್ಟುಗಳು. ಭಾರತದ ಕ್ಯಾಸೆಟ್ಟು ಪಾಲ್ ಪದ್ಧತಿಯದು, ಅಮೆರಿಕದ ಯಂತ್ರ ಎನ್‌ಟಿಎಸ್‌ಸಿ ಪದ್ಧತಿಯದು. ಆದಕಾರಣ ಊರಿನಿಂದ ಒಯ್ದ ಮದುವೆಯ ಕ್ಯಾಸೆಟ್ಟು ಕೂಡ ರೂಪಾಂತರ ಮಾಡಿಸದ ಹೊರತು ಅಲ್ಲಿ ನೆಟ್ಟಗೆ ಕಾಣುತ್ತಿರಲಿಲ್ಲ. ಆಮೇಲೆ ಮನೆಯ ಮಾಳಿಗೆಗೆ ಕೂಡಿಸುವ ಉಪಗ್ರಹದ ತಟ್ಟೆಗಳು ಬಂದವು. ಯಪ್ ಟೀವಿಯಂತಹ ಸಂಸ್ಥೆಗಳು ವಾಹಿನಿಗಳನ್ನು ಅಂತರ್ಜಾಲದ ಮೇಲೆ ಹರಿಸತೊಡಗಿದವು. ಹಾಟ್‌ಸ್ಟಾರ್ 2015ರಲ್ಲಿ, ವೂಟ್ 2016ರಲ್ಲಿ, ಸನ್ ನೆಕ್ಸ್ಟ್ 2017ರಲ್ಲಿ, ಝೀ5 2018ರಲ್ಲಿ ಕಾಣಿಸಿಕೊಂಡ ಮೇಲೆ ಧಾರಾವಾಹಿಯ ಸಂಚಿಕೆಯು ಅಂಗೈಯ ಮೊಬೈಲಿಗೆ ಇಳಿಯಿತು. ಒಂದು ತೊಡಕು ಮಾತ್ರ ಉಳಿದೇ ಇದೆ. ಪ್ರಸಾರದ ಹಕ್ಕನ್ನು ದೇಶದೇಶಕ್ಕೆ ಬೇರೆಯಾಗಿ ಮಾರುವುದು ಈ ವ್ಯಾಪಾರದ ಪದ್ಧತಿ. ನೋಡುವವನ ಯಂತ್ರದ ಅಂತರ್ಜಾಲ ವಿಳಾಸದಿಂದ ಅವನು ಯಾವ ದೇಶದಲ್ಲಿರುವನೆಂದು ತಿಳಿಯುತ್ತದೆ. ಹಕ್ಕು ಇಲ್ಲದ ದೇಶವಾದರೆ ಬಾಗಿಲು ಮುಚ್ಚುತ್ತದೆ. ಊರಲ್ಲಿ ತಾಯಿ ನೋಡುತ್ತಿರುವ ಚಲನಚಿತ್ರವನ್ನು ಅದೇ ಹೊತ್ತಿಗೆ ಮಗನು ನೋಡಲಾರನು. ಅದನ್ನು ದಾಟುವ ಕಳ್ಳದಾರಿಗಳೂ ಇವೆ. ಅವುಗಳನ್ನು ಇಲ್ಲಿ ವರ್ಣಿಸುವುದು ಉಚಿತವಲ್ಲ. ವಿದ್ಯಾರ್ಥಿಗಳು ನಮಗಿಂತ ಚೆನ್ನಾಗಿ ಬಲ್ಲರು.

ಇನ್ನು ನೋಡುವವರು ಯಾರೆಂಬುದನ್ನು ವಿಚಾರಿಸೋಣ. ಪರದೇಶದ ಕನ್ನಡಿಗನೆಂದ ಕೂಡಲೆ ನಮ್ಮ ಕಣ್ಣಮುಂದೆ ಗಣಕಯಂತ್ರದ ಎಂಜಿನಿಯರನು ಬಂದು ನಿಲ್ಲುತ್ತಾನೆ. ಧಾರಾವಾಹಿಯನ್ನು ದಿನ ತಪ್ಪದೆ ನೋಡುವವನು ಬಹುತರವಾಗಿ ಅವನಲ್ಲ. ನೋಡುವವಳು ಸೊಸೆಯ ಅಥವಾ ಮಗಳ ಬಾಣಂತನಕ್ಕೆಂದು ಬೆಟಗೇರಿಯಿಂದಲೋ ಮುಂಡರಗಿಯಿಂದಲೋ ಆರು ತಿಂಗಳ ಮಟ್ಟಿಗೆ ಹೋದ ತಾಯಿ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಕೂಸು ಮಲಗಿರುತ್ತದೆ, ಹೊರಗೆ ಹಿಮ ಬಿದ್ದಿರುತ್ತದೆ, ಮಾತನಾಡಿಸಲು ಓಣಿಯಲ್ಲಿ ಒಂದು ಪಿಳ್ಳೆಯೂ ಇರುವುದಿಲ್ಲ. ಭಾರತದ ಸಂಜೆ 7:30ರ ಸಂಚಿಕೆ ಅಮೆರಿಕದ ಪೂರ್ವ ತೀರದಲ್ಲಿ ಚಳಿಗಾಲಕ್ಕೆ ಮುಂಜಾನೆ 9ಕ್ಕೆ, ಬೇಸಿಗೆಗೆ 10ಕ್ಕೆ ಬೀಳುತ್ತದೆ. ದೀಪ ಹಚ್ಚುವ ಹೊತ್ತಿನ ಕಥೆಯನ್ನು ಅವಳು ನಾಷ್ಟಾದ ಹೊತ್ತಿಗೆ ನೋಡುತ್ತಾಳೆ. ಆ ಕಥೆಯ ಗುಣದೋಷಗಳು ಅವಳಿಗೆ ಮುಖ್ಯವಲ್ಲ. ಅದೇ ಸಂಚಿಕೆಯನ್ನು ಊರಲ್ಲಿ ತಂಗಿ ನೋಡಿರುತ್ತಾಳೆ, ನೆರೆಮನೆಯವಳು ನೋಡಿರುತ್ತಾಳೆ; ಫೋನು ಹಚ್ಚಿದಾಗ ಮಾತಿಗೆ ಒಂದು ವಿಷಯ ಸಿಕ್ಕಿತು. ದುಷ್ಟ ಅತ್ತೆಯನ್ನು ಇಬ್ಬರೂ ಕೂಡಿಯೇ ಶಪಿಸಬಹುದು. ಧಾರಾವಾಹಿಯನ್ನು ಅಲ್ಲಗಳೆಯುವ ವಿದ್ವಾಂಸರು ಈ ಉಪಕಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಳಪೆಯ ಕಥೆಯೊಂದು ಎಂಟು ಸಾವಿರ ಮೈಲು ದೂರದ ಒಬ್ಬ ಹೆಣ್ಣುಮಗಳಿಗೆ ಓಣಿಯ ಕಟ್ಟೆಯನ್ನು ಒದಗಿಸುತ್ತಿದ್ದರೆ, ಅದನ್ನು ಕಳಪೆಯೆಂದು ಕರೆದೂ ಗೌರವಿಸುವುದು ವಿಮರ್ಶಕನ ಧರ್ಮ.

ಆದರೆ ಅದೇ ಕೋಣೆಯಲ್ಲಿ ಮೊಮ್ಮಗುವೂ ಬೆಳೆಯುತ್ತಿರುತ್ತದೆ. ಕೇಡು ಹೊಗುವುದು ಇಲ್ಲಿಂದ. ಅಜ್ಜಿಯು ತಾಟು ಎನ್ನುತ್ತಾಳೆ, ಪರದೆಯು ತಟ್ಟೆ ಎನ್ನುತ್ತದೆ. ಅಜ್ಜಿಯದು ಉಳ್ಳಾಗಡ್ಡಿ, ಪರದೆಯದು ಈರುಳ್ಳಿ. ಅಜ್ಜಿಯದು ಶೇಂಗಾ, ಪರದೆಯದು ಕಡಲೆಕಾಯಿ. ಅಜ್ಜಿಯದು ಕಾಯಿಪಲ್ಲೆ, ಪರದೆಯದು ತರಕಾರಿ. ಅಜ್ಜಿಯು 'ಏನ್ ಮಾಡಾಕತ್ತಿ' ಎಂದು ಕೇಳಿದರೆ ಪರದೆಯ ಮೇಲಿನ ಚೆಲುವೆಯು 'ಏನ್ ಮಾಡ್ತಾ ಇದೀಯಾ' ಎನ್ನುತ್ತಾಳೆ. ಎರಡೂ ಕನ್ನಡವೇ, ಎರಡನ್ನೂ ಬಲ್ಲ ಮಗುವಿಗೆ ಎರಡು ಪಟ್ಟು ಸಂಪತ್ತು. ಆದರೆ ಆ ಮಗುವು ಎರಡನ್ನೂ ಸಮವಾಗಿ ಕಲಿಯುವುದಿಲ್ಲ. ಒಂದು ಮಾತು ಒಬ್ಬ ಮುದುಕಿಯ ಬಾಯಲ್ಲಿ ಮಾತ್ರ ಇದೆ; ಇನ್ನೊಂದು ಮಾತು ರೇಶಿಮೆಯುಟ್ಟ, ದೊಡ್ಡ ಮನೆಗಳಲ್ಲಿ ಓಡಾಡುವ ನೂರು ಜನರ ಬಾಯಲ್ಲಿದೆ. ಯಾವುದು ಸರಿ, ಯಾವುದು ತಪ್ಪು ಎಂದು ಮಗುವು ತಾನೇ ತೀರ್ಮಾನಿಸಿಬಿಡುತ್ತದೆ. ಅಜ್ಜಿಯ ಕನ್ನಡವನ್ನು ಮೊಮ್ಮಗಳು ತಿದ್ದುವ ಪ್ರಸಂಗವನ್ನು ಪರದೇಶದ ನೆಂಟರುಳ್ಳ ಮನೆಗಳಲ್ಲಿ ನಾವು ನಗೆಮಾತಾಗಿ ಕೇಳಿದ್ದೇವೆ. ನಗೆ ಮುಗಿದ ಮೇಲೆ ಅಜ್ಜಿಯು ಆ ಶಬ್ದವನ್ನು ಆಡುವಾಗ ಒಂದು ಕ್ಷಣ ತಡೆಯುತ್ತಾಳೆಂಬುದನ್ನು ಹೇಳುವವರು ಕಡಿಮೆ.

ಅಜ್ಜಿಯ ಊರು ಯಾವುದೆಂಬುದನ್ನು ಸ್ವಲ್ಪ ನೆನೆಯಬೇಕು. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ'ವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಹೆಸರಿಸುತ್ತದೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಮುಂದೆ 941ರ ಸುಮಾರಿಗೆ ಪಂಪನು ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೇಳಿದೆನೆಂದು ಹೆಮ್ಮೆಪಟ್ಟನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಬರೆದುದಂತೂ ಮಕ್ಕಳೂ ಬಲ್ಲ ವಿಷಯ. ಹೀಗಿದ್ದ ಸೀಮೆಯ ಮಾತು ಇಂದಿನ ಪರದೆಯಲ್ಲಿ ಪಡೆದಿರುವ ಸ್ಥಾನವು ಅಡುಗೆಯವನದು, ಕಾರು ಓಡಿಸುವವನದು, ಮದುವೆಯ ಮನೆಗೆ ಬಂದು ಎಡವಟ್ಟು ಮಾಡುವ ದೂರದ ನೆಂಟನದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿಂದೆ ನಮ್ಮ ಮಾತೇ ತಿರುಳಾಗಿತ್ತು, ಆದ್ದರಿಂದ ಈಗಲೂ ನಮ್ಮದೇ ಶುದ್ಧವೆಂದು ಜಗಳಕ್ಕೆ ನಿಲ್ಲುವುದು ಇತಿಹಾಸದ ಅಪಪ್ರಯೋಗ. ಪಂಪನ ಪುಲಿಗೆರೆಯ ಭಾಷೆಗೂ ಇಂದಿನ ಲಕ್ಷ್ಮೇಶ್ವರದ ಪೇಟೆಯ ಭಾಷೆಗೂ ನಡುವೆ ಸಾವಿರ ವರ್ಷಗಳು ಹಾಯ್ದಿವೆ. ಪಾರಸಿ, ಮರಾಠಿ, ಉರ್ದುಗಳು ಬಂದು ಸೇರಿವೆ. ಮೇಲೆ ಹೇಳಿದ ತಾಟು ಎಂಬ ಶಬ್ದವೇ ಮರಾಠಿಯ ನಂಟಿನದು. ಅಷ್ಟೇ ಅಲ್ಲ, ಕನ್ನಡದ ಬಗೆಗಳು ಹಲವೆಂಬುದನ್ನು ಕವಿರಾಜಮಾರ್ಗಕಾರನೇ ಒಪ್ಪಿಕೊಂಡಿದ್ದಾನೆ. ನಾವು ಕೇಳುವುದು ಸಿಂಹಾಸನವನ್ನಲ್ಲ. ಹಲವು ಕನ್ನಡಗಳಲ್ಲಿ ಒಂದು ಮಾತ್ರ ಮಾತೆನಿಸಿ, ಉಳಿದವು ಮಾತಿನ ಅಣಕವೆನಿಸುವ ಏರ್ಪಾಡು ಪರದೇಶದಲ್ಲಿ ಹುಟ್ಟಿದ ಕೂಸಿಗೆ ಏನನ್ನು ಕಲಿಸುತ್ತದೆಂಬುದಷ್ಟೇ ನಮ್ಮ ಪ್ರಶ್ನೆ. ಮೇಲಾಗಿ ಧಾರಾವಾಹಿಯ ಕನ್ನಡವು ಬೆಂಗಳೂರಿನ ನಿಜವಾದ ಮಾತೂ ಅಲ್ಲ. ಆ ಊರಿನ ಹಳೆಯ ಪೇಟೆಗಳಲ್ಲಿ, ಸುತ್ತಣ ಹಳ್ಳಿಗಳಲ್ಲಿ ಆಡುವ ಕನ್ನಡ ಅದರಲ್ಲಿ ಎಲ್ಲಿದೆ? ಅದು ಚಿತ್ರೀಕರಣದ ಮನೆಯಲ್ಲಿ ಹುಟ್ಟಿದ, ಯಾವ ಓಣಿಗೂ ಸೇರದ ಕನ್ನಡ.

ಇದಕ್ಕೆ ಪ್ರತಿಯಾಗಿ ಒಂದು ಬಲವಾದ ಆಕ್ಷೇಪಣೆಯನ್ನು ಎತ್ತಬಹುದು. ಮಾತಿನಲ್ಲಿ ಮೇಲು-ಕೀಳು ಮಾಡಿದವರು ಧಾರಾವಾಹಿಯವರೇ ಮೊದಲಿಗರೇ? ಗದುಗಿನ ಗರುಡ ಸದಾಶಿವರಾಯರ ಶ್ರೀ ದತ್ತಾತ್ರೇಯ ನಾಟಕ ಮಂಡಳಿಯ ಕಾಲದಿಂದಲೂ ವೃತ್ತಿರಂಗಭೂಮಿಯಲ್ಲಿ ದೇವತೆಗಳೂ ಅರಸರೂ ಗ್ರಂಥಸ್ಥ ಭಾಷೆಯನ್ನಾಡಿದರೆ ಸೇವಕರೂ ಹಾಸ್ಯಗಾರರೂ ಊರಮಾತನ್ನು ಆಡುವುದು ವಾಡಿಕೆಯಾಗಿತ್ತಲ್ಲವೇ? ನಿಜ. ಈ ವಾಡಿಕೆ ಸಂಸ್ಕೃತ ನಾಟಕಗಳಷ್ಟು ಹಳೆಯದು. ಆದರೆ ನಾಟಕವು ಬೆಳಗಿನ ಜಾವ ಮುಗಿದ ಕೂಡಲೆ ಪ್ರೇಕ್ಷಕನು ಟೆಂಟಿನಿಂದ ಹೊರಬಿದ್ದು ಊರಮಾತಿನ ನಡುವೆಯೇ ನಡೆದು ಮನೆ ಸೇರುತ್ತಿದ್ದನು. ಚಹದ ಅಂಗಡಿಯವನು, ಟಾಂಗಾದವನು, ಮಠದ ಸ್ವಾಮಿಗಳು, ಸಾಲೆಯ ಮಾಸ್ತರರು ಎಲ್ಲರೂ ಹಾಸ್ಯಗಾರನ ಮಾತನ್ನೇ ಆಡುತ್ತಿದ್ದರು. ರಂಗದ ಮೇಲಿನ ತಾರತಮ್ಯವನ್ನು ಬೀದಿಯು ಬೆಳಗಾಗುವುದರೊಳಗೆ ತಿದ್ದಿಬಿಡುತ್ತಿತ್ತು. ಇಂದಿಗೂ ಗದುಗಿನಲ್ಲಿ ಅದೇ ಧಾರಾವಾಹಿಯನ್ನು ನೋಡುವ ಮಗುವಿಗೆ ಅಪಾಯವಿಲ್ಲ. ಅದು ಬಾಗಿಲು ತೆರೆದರೆ ಹೊರಗೆ ಊರು ಇದೆ. ಪರದೇಶದ ಮಗು ಬಾಗಿಲು ತೆರೆದರೆ ಇಂಗ್ಲೀಷು ಇದೆ. ಅದರ ಪಾಲಿಗೆ ಪರದೆಯೇ ಕನ್ನಡನಾಡಿನ ಬೀದಿ. ಒಂದೇ ಕಾರ್ಯಕ್ರಮವು ಒಂದೆಡೆ ವಿನೋದವಾಗಿ, ಇನ್ನೊಂದೆಡೆ ವ್ಯಾಕರಣವಾಗಿ ಪರಿಣಮಿಸುವ ಈ ವ್ಯತ್ಯಾಸವನ್ನು ಗಮನಿಸದೆ ಮಾಡುವ ದೂರದರ್ಶನದ ವಿಮರ್ಶೆ ಅಪೂರ್ಣವೆಂದು ನಮ್ಮ ಅಭಿಪ್ರಾಯ.

ಕೆಲವು ಕೃತಿಗಳನ್ನು ಹೆಸರಿಸಿ ನೋಡೋಣ. ಟಿ. ಎನ್. ಸೀತಾರಾಮರು 1998ರಲ್ಲಿ ಸಂಗಡಿಗರೊಂದಿಗೆ ನಿರ್ದೇಶಿಸಿದ 'ಮಾಯಾಮೃಗ'ವು ಧಾರಾವಾಹಿಯ ಪ್ರಕಾರಕ್ಕೆ ಮರ್ಯಾದೆ ತಂದ ಕೃತಿ. ಅದರ ಜನ ಬೆಂಗಳೂರಿನ ಮಧ್ಯಮವರ್ಗದವರು, ಅದರ ಮಾತು ಅವರ ಮಾತು; ಅಲ್ಲಿ ಸುಳ್ಳಿಲ್ಲ. ತನ್ನ ಊರನ್ನು ನಿಷ್ಠೆಯಿಂದ ತೋರಿಸಿದ ಕೃತಿಯ ಮೇಲೆ ನಮ್ಮ ಊರನ್ನೇಕೆ ತೋರಿಸಲಿಲ್ಲವೆಂದು ಆರೋಪ ಹೊರಿಸುವುದು ಅನ್ಯಾಯ. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಆರಂಭವಾದ 'ಗಿಣಿರಾಮ'ವು ಉತ್ತರ ಕರ್ನಾಟಕವನ್ನೇ ನೆಲೆಯಾಗಿಟ್ಟುಕೊಂಡು ನಾಯಕನ ಬಾಯಲ್ಲಿಯೂ ಈ ಕಡೆಯ ಮಾತನ್ನಿಟ್ಟಿತು. ಕಥೆಯ ಹಂದರ ಹಳೆಯದೇ. ಆದರೂ ಪ್ರೇಮ ನಿವೇದನೆಯನ್ನು 'ನಮ್ಮ' ಮಾತಿನಲ್ಲಿ ಮಾಡಬಹುದೆಂಬುದನ್ನು ಅದು ತೋರಿಸಿತು; ಇಷ್ಟನ್ನು ತೋರಿಸಲು ಬೆಂಗಳೂರು ಕೇಂದ್ರದ ಆರಂಭದಿಂದ ಸುಮಾರು 39 ವರ್ಷ ಹಿಡಿದುದು ಯೋಚಿಸತಕ್ಕ ಸಂಗತಿ. ಝೀ ಕನ್ನಡದ 'ಕಾಮಿಡಿ ಕಿಲಾಡಿಗಳು' ಈ ಭಾಗದ ರಂಗಭೂಮಿಯ ನಟರಿಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತೆಂಬುದನ್ನು ಮರೆಯಲಾಗದು. ಆದರೆ ಅಲ್ಲಿ ನಮ್ಮ ಮಾತಿಗೆ ದೊರೆತ ಕೆಲಸ ಮತ್ತೆ ನಗಿಸುವುದೇ.

ನಗಿಸುವುದರಲ್ಲಿಯೂ ಭೇದವಿದೆ. ಗಂಗಾವತಿಯ ಪ್ರಾಣೇಶರು ತಮ್ಮ ಹಾಸ್ಯಸಂಜೆಗಳಲ್ಲಿ ಗಂಟೆಗಟ್ಟಲೆ ಈ ಸೀಮೆಯ ಕನ್ನಡದಲ್ಲಿ ಮಾತನಾಡುತ್ತಾರೆ. ಯೂಟ್ಯೂಬಿನ ಮೂಲಕ ಆ ಭಾಷಣಗಳು ಪರದೇಶದ ಮನೆಗಳಲ್ಲಿ ಮೊಳಗುತ್ತವೆ. ಅಲ್ಲಿ ನಗುವುದು ಮಾತಿನೊಳಗಿನ ಬುದ್ಧಿಯನ್ನು ಕಂಡು. ಧಾರಾವಾಹಿಯ ಅಡುಗೆಯವನು ಬಾಯಿ ತೆರೆದಾಗ ನಗುವುದು ಮಾತಿನ ಧಾಟಿಯನ್ನು ಕಂಡು. ಮೊದಲನೆಯದನ್ನು ಕೇಳಿದ ಮಗುವಿಗೆ ಅಜ್ಜಿಯು ಜಾಣೆಯಾಗಿ ಕಾಣುವಳು, ಎರಡನೆಯದನ್ನು ಕೇಳಿದ ಮಗುವಿಗೆ ಅಜ್ಜಿಯು ವಿದೂಷಕಿಯಾಗಿ ಕಾಣುವಳು. ಲಕ್ಷ್ಮೇಶ್ವರಕ್ಕೆ ಹೊಂದಿಕೊಂಡ ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಹನುಮಂತನೆಂಬ ಕುರಿ ಕಾಯುವ ತರುಣನು 'ಸರಿಗಮಪ'ದಲ್ಲಿ ಹಾಡಿ ನಾಡಿನ ಮನೆಮಾತಾಗಿ, 2025ರ ಜನವರಿಯಲ್ಲಿ 'ಬಿಗ್ ಬಾಸ್ ಕನ್ನಡ'ದ 11ನೆಯ ಆವೃತ್ತಿಯನ್ನು ಗೆದ್ದುದು ಇನ್ನೊಂದು ಬಗೆಯ ದೃಷ್ಟಾಂತ. ತನ್ನ ಮಾತನ್ನು ಬಿಡದೆ ಅವನು ಗೆದ್ದನೆಂಬುದು ಸಂತೋಷದ ವಿಷಯ. ಆದರೆ ಅವನನ್ನು ವಾಹಿನಿಯು ಜನರ ಮುಂದಿಟ್ಟ ಪರಿಯಲ್ಲಿ 'ಮುಗ್ಧ ಹಳ್ಳಿಯ ಹುಡುಗ' ಎಂಬ ವಿಶೇಷಣ ಎಡೆಬಿಡದೆ ಬರುತ್ತಿತ್ತು. ಹನುಮಂತನ ಹಾಡಿಗೂ ಆಟಕ್ಕೂ ಬೇಕಾದದ್ದು ಚಾತುರ್ಯ. ಅದನ್ನು ಮುಗ್ಧತೆಯೆಂದು ಕರೆಯುವ ಮೆಚ್ಚುಗೆಯು ಅರ್ಧ ಮಾತ್ರ ಮೆಚ್ಚುಗೆ.

ವಾಹಿನಿಗಳನ್ನು ದೂರಿ ಪ್ರಯೋಜನವೇನೆಂದು ಕೇಳಬಹುದು. ಅವುಗಳ ಅಳತೆಗೋಲು ಭಾರತದೊಳಗಿನ ಮನೆಗಳಲ್ಲಿ ಎಣಿಸಿದ ನೋಟ. ಪರದೇಶದ ವೀಕ್ಷಕನು ಹಣ ತೆತ್ತರೂ ಆ ಎಣಿಕೆಗೆ ಸೇರುವುದಿಲ್ಲ. ಚಂದಾ ಉಂಟು, ಮತವಿಲ್ಲ.

ಆದರೆ ವಾಹಿನಿಗಳಾಚೆಗೆ ಇನ್ನೊಂದು ದೂರದರ್ಶನ ಹುಟ್ಟಿಕೊಂಡಿದೆ. ಗದುಗಿನ ತೋಂಟದಾರ್ಯ ಮಠದ ಜಾತ್ರೆ, ವೀರೇಶ್ವರ ಪುಣ್ಯಾಶ್ರಮದ ಪುಣ್ಯಸ್ಮರಣೆಯ ಸಂಗೀತ, ಹಿಂದೂ-ಮುಸಲ್ಮಾನ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರನ ತೇರು, ಮುಂಡರಗಿಯ ಅನ್ನದಾನೀಶ್ವರ ಮಠದ ಪ್ರವಚನ ಇವೇ ಮೊದಲಾದುವನ್ನು ಊರಿನ ಕ್ಯಾಮರಾದವರು, ಕೇಬಲ್ಲಿನವರು, ಕೆಲವೊಮ್ಮೆ ಭಕ್ತರೇ ಮೊಬೈಲು ಹಿಡಿದು ನೇರವಾಗಿ ಅಂತರ್ಜಾಲಕ್ಕೆ ಹರಿಸುತ್ತಾರೆ. ಪಂಡಿತ ಪುಟ್ಟರಾಜ ಗವಾಯಿಗಳು 2010ರ ಸಪ್ಟೆಂಬರ 17ರಂದು ಲಿಂಗೈಕ್ಯರಾದಾಗ ದೂರದ ಶಿಷ್ಯರು ವಾರ್ತಾವಾಹಿನಿಗಳು ತೋರಿಸಿದಷ್ಟನ್ನು ಮಾತ್ರ ಕಂಡು ತೃಪ್ತಿಪಡಬೇಕಾಗಿತ್ತು. ತೋಂಟದ ಸಿದ್ಧಲಿಂಗ ಸ್ವಾಮಿಗಳು 2018ರ ಅಕ್ಟೋಬರ 20ರಂದು ಲಿಂಗೈಕ್ಯರಾಗುವ ಹೊತ್ತಿಗೆ ಮೊಬೈಲು ಎಲ್ಲರ ಕೈಯಲ್ಲಿತ್ತು. ಈ ಎಂಟು ವರ್ಷಗಳ ನಡುವೆ, ಊರಿನ ದುಃಖದಲ್ಲಿ ದೂರದವನು ಪಾಲ್ಗೊಳ್ಳುವ ರೀತಿಯೇ ಮಾರ್ಪಟ್ಟಿತು.

ಕಲೆಯ ದೃಷ್ಟಿಯಿಂದ ಈ ಚಿತ್ರಗಳಿಗೆ ಬೆಲೆ ಕಟ್ಟುವುದು ಕಷ್ಟ. ಕ್ಯಾಮರಾ ಒಂದೇ ಕಡೆ ಗೂಟ ಬಡಿದಂತೆ ನಿಂತಿರುತ್ತದೆ. ಧ್ವನಿವರ್ಧಕವು ಕಿರುಚುತ್ತದೆ. ವೇದಿಕೆಯ ಮೇಲಿನ ಗಣ್ಯರಿಗೆ ಒಬ್ಬೊಬ್ಬರಾಗಿ ಹಾರ ಹಾಕಿ ಶಾಲು ಹೊದಿಸುವ ಕಾರ್ಯವು ಮುಕ್ಕಾಲು ಗಂಟೆ ನಡೆಯುತ್ತದೆ. ಅದನ್ನು ಇಲ್ಲಿ ಕುಳಿತು ನೋಡುವುದೇ ಒಂದು ತಪಸ್ಸು, ಪರದೇಶದಲ್ಲಿ ನಡುರಾತ್ರಿ ಎದ್ದು ನೋಡುವವರ ಭಕ್ತಿಗೆ ನಮಸ್ಕಾರ. ಆದರೆ ತೇರಿನ ಹಗ್ಗ ಹಿಡಿದವರು ಪರಸ್ಪರ ಕೂಗಿಕೊಳ್ಳುವ ಮಾತು, ಕ್ಯಾಮರಾದ ಹಿಂದೆ ಯಾರೋ 'ಸರೀರಿ, ಕಾಣವಲ್ದು' ಎಂದು ಗದರುವ ಮಾತು, ಪ್ರಸಾದದ ಸಾಲಿನ ಗದ್ದಲ ಇವುಗಳೆಲ್ಲ ಯಾರೂ ಬರೆದುಕೊಡದ, ಯಾರನ್ನೂ ನಗಿಸಲು ಆಡದ ಕನ್ನಡ. ಪ್ರವಚನ ಮಾಡುವ ಸ್ವಾಮಿಗಳೂ ಹಗ್ಗ ಜಗ್ಗುವವನೂ ಅಲ್ಲಿ ಒಂದೇ ಮಾತಿನ ಎರಡು ಮಟ್ಟಗಳನ್ನು ಆಡುತ್ತಾರೆ. ಮಗುವು ಪರದೆಯಿಂದಲೇ ಬೀದಿಯನ್ನು ಕಲಿಯಬೇಕಾಗಿದ್ದರೆ ಈ ಪರದೆಯೇ ಲೇಸು.

ಇದರ ಕೊರತೆಗಳೂ ಕಡಿಮೆಯಲ್ಲ. ಮಠ, ಮದುವೆ, ಸಭೆಗಳಾಚೆಗೆ ಈ ಕ್ಯಾಮರಾ ಹೋಗುವುದು ವಿರಳ. ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಇನ್ನೆಷ್ಟು ದಿನ ಕೇಳಿಸೀತೋ. ಅದನ್ನು ನೇರಪ್ರಸಾರ ಮಾಡುವ ಹುಮ್ಮಸ್ಸು ಯಾರಿಗೂ ಬಂದಂತಿಲ್ಲ. ಶಿರಹಟ್ಟಿ, ಮುಂಡರಗಿ ತಾಲೂಕುಗಳ ತಾಂಡಾಗಳಿಂದ ವರ್ಷಂಪ್ರತಿ ಗೋವೆಗೆ ದುಡಿಯಲು ಹೋಗುವ ಲಂಬಾಣಿಗರಿಗೆ ಮನೆಯ ಮಾತು ಕನ್ನಡವೂ ಅಲ್ಲ. ದೇಶದ ಗಡಿ ದಾಟದಿದ್ದರೂ ಅವರದು ಪರಸ್ಥಳವಾಸವೇ. ಅವರ ಮೊಬೈಲಿನಲ್ಲಿ ಊರು ಹೇಗೆ ಕಾಣುತ್ತದೆಂಬುದು ಬೇರೊಂದು ಲೇಖನಕ್ಕೆ ಸಲ್ಲುವ ವಿಷಯ. ಎಂಜಿನಿಯರನ ಏಕಾಂತವನ್ನು ಕುರಿತು ಬರೆಯುವ ನಾವು ಇವರನ್ನು ಮರೆತರೆ ನಮ್ಮ ಕ್ಯಾಮರಾವೂ ವೇದಿಕೆಯ ಕಡೆಗೇ ತಿರುಗಿದಂತೆ.

ಇತಿಹಾಸ ವಿಭಾಗದವರಿಗೆ ಇಲ್ಲಿ ಇನ್ನೊಂದು ಆತಂಕವಿದೆ. ಲಕ್ಕುಂಡಿಯ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ತರಗತಿಯಲ್ಲಿ ಅಭಿಮಾನದಿಂದ ಪಾಠ ಹೇಳುತ್ತೇವೆ. ಪ್ರತಿಗಳು ಸಾವಿರ ಕೈಗಳಲ್ಲಿ ಹರಡಿದುದರಿಂದ ಕೃತಿಯು ಉಳಿಯಿತು. ಇಂದಿನ ಸಂಚಿಕೆಯು ಲಕ್ಷಾಂತರ ಜನರಿಗೆ ಕಾಣುತ್ತದೆ, ಆದರೆ ಇರುವುದು ಒಡೆಯನೊಬ್ಬನ ಬಳಿ. ಈಟೀವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಅದರ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದ ವೂಟ್ 2023ರಲ್ಲಿ ಜಿಯೋಸಿನಿಮಾದಲ್ಲಿ ಲೀನವಾಯಿತು. 2025ರ ಫೆಬ್ರುವರಿಯಲ್ಲಿ ಅದೂ ಹಾಟ್‌ಸ್ಟಾರಿನೊಡನೆ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಹತ್ತು ವರ್ಷಗಳಲ್ಲಿ ಮನೆ ಇಷ್ಟು ಸಲ ಬದಲಾದರೆ ಸಾಮಾನು ಕಳೆಯದೆ ಇದ್ದೀತೇ? ಊರಿನ ಕ್ಯಾಮರಾದವರ ಚಿತ್ರಗಳ ಸ್ಥಿತಿ ಇದಕ್ಕಿಂತ ಶೋಚನೀಯ. ಅವುಗಳಿಗೆ ಒಡೆಯನಿದ್ದರೂ ಕಾಲವಿಲ್ಲ. ಒಂದು ಹಳೆಯ ನಾಟಕದ, ಒಂದು ಹಳೆಯ ಕೀರ್ತನೆಯ ತುಣುಕು ಅಂತರ್ಜಾಲದಲ್ಲಿ ಸಿಕ್ಕಿದರೆ ಅದನ್ನು ಏರಿಸಿದ ದಿನಾಂಕ ಮಾತ್ರ ಕಾಣುತ್ತದೆ. ಆಡಿದ ದಿನ, ಆಡಿದ ಊರು, ಆಡಿದವರ ಹೆಸರು ಕಾಣುವುದಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಕಲ್ಲುಗಳನ್ನು ಓದುವಾಗ ಶಕವರ್ಷ, ಮಾಸ, ತಿಥಿ, ವಾರಗಳು ಕೈಗೆ ಸಿಗುತ್ತವೆ. ನಿನ್ನೆಯ ತೇರಿನ ಚಿತ್ರಕ್ಕೆ ಅಷ್ಟೂ ಇಲ್ಲ.

ಆದ್ದರಿಂದ ಬರುವ ವರ್ಷ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯವನ್ನು ಗೊತ್ತುಮಾಡುವಾಗ ಈ ನಾಲ್ಕು ಊರುಗಳ ಕ್ಯಾಮರಾದವರನ್ನೂ ಕೇಬಲ್ಲಿನವರನ್ನೂ ಕಂಡು, ಅವರ ಬಳಿ ಉಳಿದಿರುವ ಚಿತ್ರಗಳಿಗೆ ದಿನ, ಸ್ಥಳ, ಆಡಿದವರ ಹೆಸರುಗಳನ್ನು ಬರೆದಿಡುವ ಕೆಲಸವನ್ನೂ ಸೇರಿಸಬೇಕೆಂದು ನಮ್ಮ ಸೂಚನೆ. ಪಟ್ಟಿಯಲ್ಲಿ ಒಂದು ಅಂಕಣವನ್ನು ಮಾತಿಗಾಗಿ ಬಿಡಬೇಕು: ಚಿತ್ರದಲ್ಲಿ ಯಾರು ಯಾರೊಡನೆ ಯಾವ ಕನ್ನಡದಲ್ಲಿ, ಅಥವಾ ಲಂಬಾಣಿಯಲ್ಲಿ, ಉರ್ದುವಿನಲ್ಲಿ ಮಾತನಾಡಿದ್ದಾರೆಂಬುದನ್ನು ಅಲ್ಲಿ ಕಾಣಿಸಬೇಕು. ಪರದೇಶದ ಮನೆಗಳಿಂದ ಈ ಚಿತ್ರಗಳನ್ನು ಕೇಳಿ ತರಿಸಿಕೊಂಡವರು ಯಾರಾದರೂ ಉಂಟೇ ಎಂಬುದನ್ನೂ ಅದೇ ಭೇಟಿಯಲ್ಲಿ ವಿಚಾರಿಸಬಹುದು.